ಹೊಸ್ತಿಲು ದಾಟುವ ವಿದ್ಯಾರ್ಥಿಗೆ ಪಂಚಾಚಾರದ ಪಾಠ



ಮುಂಗಾರು ಮಳೆ ಹಿಡಿಯಿತೆಂದರೆ ನಮ್ಮ ನಾಡಿನ ಅನೇಕ ಮನೆಗಳಲ್ಲಿ ಒಂದು ಬಗೆಯ ಸಡಗರವೂ ಅದರ ಬೆನ್ನಿಗೇ ಒಂದು ಬಗೆಯ ಕಳವಳವೂ ಕಾಣಿಸಿಕೊಳ್ಳುವುವು. ಪಿ.ಯು.ಸಿ. ಮುಗಿಸಿದ ಮಗನೋ ಮಗಳೋ ಮುಂದಿನ ವ್ಯಾಸಂಗಕ್ಕಾಗಿ ಧಾರವಾಡಕ್ಕೋ ಬೆಳಗಾವಿಗೋ ಕಲಬುರಗಿಗೋ ಮೈಸೂರಿಗೋ ಬೆಂಗಳೂರಿಗೋ ಹೊರಟು ನಿಲ್ಲುವ ಕಾಲವದು. ತಾಯಿಯು ಕಟಕರೊಟ್ಟಿ, ಶೇಂಗಾ ಚಟ್ನಿಪುಡಿಗಳನ್ನು ಕಟ್ಟುವಳು. ತಂದೆಯು ಶುಲ್ಕದ ಹಣವನ್ನು ಹೊಂದಿಸುವನು. ಅಜ್ಜಿಯು ಹಣೆಗೆ ವಿಭೂತಿಯನ್ನು ಧರಿಸಿ ಹರಸುವಳು. ಹಾಸಿಗೆ, ಪೆಟ್ಟಿಗೆ, ಅಂಕಪಟ್ಟಿ, ಮೊಬೈಲು ಎಲ್ಲವೂ ಸಿದ್ಧವಾಗುವುವು. ಆದರೆ ಇವೆಲ್ಲಕ್ಕಿಂತ ಬೆಲೆಯುಳ್ಳ, ಕಣ್ಣಿಗೆ ಕಾಣದ ಗಂಟೊಂದುಂಟು. ಅದು ಹದಿನೆಂಟು ವರುಷಗಳ ಕಾಲ ಮನೆಯು ಆ ಮಗುವಿಗೆ ಕಲಿಸಿದ ಆಚಾರ. ಆ ಗಂಟು ಮಗುವಿನೊಡನೆ ಹೊರಡುವುದೋ ಅಥವಾ ಮನೆಯ ಜಗಲಿಯ ಮೇಲೆಯೇ ಉಳಿದುಬಿಡುವುದೋ ಎಂಬುದನ್ನು ವಿಚಾರಿಸುವುದೇ ಈ ತಿಂಗಳ ಪಾಠದ ವಿಷಯವು. ಸಾಧ್ಯವಿದ್ದವರು ಇದನ್ನು ಹೊರಡಲಿರುವ ಮಕ್ಕಳೊಡನೆ ಕೂಡಿ ಓದಬೇಕೆಂದು ಕೋರುವೆನು.

ಆಚಾರವು ಜಂಗಮವಾಗಬೇಕು

ಮನೆಯಲ್ಲಿರುವ ಮಗುವು ಬೆಳಗ್ಗೆ ಬೇಗನೆ ಏಳುವುದು ತಾಯಿ ಎಬ್ಬಿಸುವುದರಿಂದ. ಲಿಂಗಪೂಜೆಗೆ ಕುಳಿತುಕೊಳ್ಳುವುದು ಅಜ್ಜನು ನೋಡುತ್ತಿರುವುದರಿಂದ. ಬೀದಿಯಲ್ಲಿ ಸಭ್ಯತೆಯಿಂದ ನಡೆಯುವುದು ಊರಿನವರೆಲ್ಲರೂ ಪರಿಚಿತರಾಗಿರುವುದರಿಂದ. ಇದು ತಪ್ಪಲ್ಲ. ಎಳೆಯ ಬಳ್ಳಿಗೆ ಹಂದರವು ಬೇಕೇ ಬೇಕು. ಆದರೆ ಪರಸ್ಥಳದ ವಿದ್ಯಾರ್ಥಿನಿಲಯದಲ್ಲಿ ಎಬ್ಬಿಸುವ ತಾಯಿಯಿಲ್ಲ, ನೋಡುವ ಅಜ್ಜನಿಲ್ಲ, ಗುರುತು ಹಿಡಿಯುವ ಊರಿಲ್ಲ. ಹಂದರವನ್ನು ತೆಗೆದ ಆ ದಿನವೇ ಬಳ್ಳಿಯು ತನ್ನ ಬಲದಿಂದ ನಿಂತಿತ್ತೋ ಹಂದರದ ಬಲದಿಂದ ನಿಂತಿತ್ತೋ ಎಂಬುದು ತಿಳಿದುಬರುವುದು.

ಹನ್ನೆರಡನೆಯ ಶತಮಾನದ ಶರಣರು ಈ ಭೇದವನ್ನು ಬಹು ಸೂಕ್ಷ್ಮವಾಗಿ ಅರಿತಿದ್ದರು. ನಿಂತಲ್ಲಿ ನಿಲ್ಲುವುದನ್ನು ಸ್ಥಾವರವೆಂದೂ ಚಲಿಸುವುದನ್ನು ಜಂಗಮವೆಂದೂ ಕರೆದು, ಅವರು ಜಂಗಮಕ್ಕೇ ಹಿರಿಮೆಯನ್ನಿತ್ತರು. ಗುಡಿಯ ದೇವರು ಊರಿನಲ್ಲಿಯೇ ಉಳಿಯುವನು. ಕೊರಳಲ್ಲಿ ಧರಿಸಿದ ಇಷ್ಟಲಿಂಗವು ಭಕ್ತನು ಹೋದಲ್ಲಿಗೆಲ್ಲ ಹೋಗುವುದು. ದೇವರನ್ನು ಅಂಗದ ಮೇಲೆ ನೆಲೆಗೊಳಿಸಿದ ಈ ವ್ಯವಸ್ಥೆಯಲ್ಲಿ ಒಂದು ಶಿಕ್ಷಣತತ್ತ್ವವೂ ಅಡಗಿರುವುದು. ಯಾವ ಸಂಸ್ಕಾರವು ಸ್ಥಳಕ್ಕೆ, ಸಾಕ್ಷಿಗೆ, ಹಿರಿಯರ ಅಂಜಿಕೆಗೆ ಅಂಟಿಕೊಂಡಿದೆಯೋ ಅದು ಸ್ಥಾವರವಾದ ಸಂಸ್ಕಾರವು. ಅದು ಬಸ್ ನಿಲ್ದಾಣದ ತನಕ ಬಂದು ಹಿಂದಿರುಗುವುದು. ಯಾವುದು ಮಗುವಿನ ಅರಿವಾಗಿ ಪರಿಣಮಿಸಿದೆಯೋ ಅದು ಮಾತ್ರ ಜಂಗಮವಾಗಿ ಜೊತೆಯಲ್ಲಿ ಪಯಣಿಸುವುದು. ಆದಕಾರಣ ಮನೆ ಬಿಟ್ಟು ಹೊರಡುವವನು ಮಾಡಿಕೊಳ್ಳಬೇಕಾದ ಮುಖ್ಯ ಸಿದ್ಧತೆಯೆಂದರೆ ಆಚಾರವನ್ನು ಅರಿವಿಗೆ ತಂದುಕೊಳ್ಳುವುದೇ ಆಗಿದೆ.

ಪರಸ್ಥಳವಾಸವು ನಮಗೆ ಹೊಸದಲ್ಲ

ಮನೆಯನ್ನು ಬಿಟ್ಟು ವಿದ್ಯೆಗೆ ಹೋಗುವುದೆಂದರೆ ಸಂಸ್ಕೃತಿಯನ್ನೇ ಬಿಟ್ಟು ಹೋಗುವುದೆಂದು ಕೆಲವು ಹಿರಿಯರು ಅಂಜುವರು. ಈ ಅಂಜಿಕೆಗೆ ನಮ್ಮ ಪರಂಪರೆಯಲ್ಲಿ ಆಧಾರವಿಲ್ಲ. ಬಸವಣ್ಣನವರೇ ಬಾಗೇವಾಡಿಯ ತಮ್ಮ ಮನೆಯನ್ನು ತೊರೆದು ಕೂಡಲಸಂಗಮದಲ್ಲಿ ವಿದ್ಯೆಯನ್ನು ಪಡೆದರು. ಮಹಾದೇವಿಯಕ್ಕನು ಉಡುತಡಿಯಿಂದ ಕಲ್ಯಾಣದವರೆಗೆ ಒಬ್ಬಳೇ ನಡೆದು ಬಂದು, ಅನುಭವಮಂಟಪದಲ್ಲಿ ಅಲ್ಲಮಪ್ರಭುಗಳ ಕಠಿಣವಾದ ಪ್ರಶ್ನೆಗಳಿಗೆ ಧೈರ್ಯದಿಂದ ಉತ್ತರವಿತ್ತಳು. ಸೊನ್ನಲಿಗೆಯ ಸಿದ್ಧರಾಮನು ಬಾಲ್ಯದಲ್ಲಿಯೇ ಮಲ್ಲಿನಾಥನನ್ನು ಅರಸುತ್ತ ಶ್ರೀಶೈಲಕ್ಕೆ ನಡೆದನೆಂದು ಪುರಾಣಗಳು ಹೇಳುವುವು. ಇವರೆಲ್ಲರೂ ಹೊಸ್ತಿಲನ್ನು ದಾಟಿದವರೇ.

ಈಚಿನ ಕಾಲವನ್ನು ನೋಡಿದರೂ ಇದೇ ಮಾತು. ಧಾರವಾಡದಲ್ಲಿ ಕರ್ನಾಟಕ ಕಾಲೇಜು 1917ರಲ್ಲಿ ಆರಂಭವಾಗುವ ತನಕ ಮುಂಬಯಿ ಕರ್ನಾಟಕದ ವಿದ್ಯಾರ್ಥಿಗಳು ಪದವಿಗಾಗಿ ಪುಣೆ, ಮುಂಬಯಿಗಳಿಗೆ ಹೋಗಬೇಕಾಗಿದ್ದಿತು. ಫ. ಗು. ಹಳಕಟ್ಟಿಯವರು (1880–1964) ಹಾಗೆ ಮುಂಬಯಿಗೆ ಹೋದವರಲ್ಲಿ ಒಬ್ಬರು. ಅನ್ಯಭಾಷಿಕರು ತಮ್ಮ ನುಡಿಯ ಮೇಲಿಟ್ಟ ಅಭಿಮಾನವನ್ನು ಆ ನಗರದಲ್ಲಿ ಕಂಡು, ಕನ್ನಡದ ದುಸ್ಥಿತಿಗೆ ಅವರು ಮರುಗಿದರು. ಕಾನೂನು ಪದವಿಯನ್ನು ಪಡೆದು ವಿಜಯಪುರದಲ್ಲಿ ವಕೀಲಿಯನ್ನು ನಡೆಸುತ್ತಲೇ ತಾಳೆಗರಿಗಳನ್ನು ಅರಸಿದರು, 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಪ್ರಕಟಿಸಿದರು, 1926ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನು ಹೊರಡಿಸಿದರು. ಇಂದು ನಾವು ವಚನಗಳನ್ನು ಪುಸ್ತಕದಲ್ಲಿ ತೆರೆದು ಓದುತ್ತಿದ್ದರೆ, ಅದರಲ್ಲಿ ಪರಸ್ಥಳಕ್ಕೆ ಹೋಗಿ ಓದಿದ ಒಬ್ಬ ವಿದ್ಯಾರ್ಥಿಯ ಋಣವಿದೆಯೆಂಬುದನ್ನು ಮರೆಯಲಾಗದು.

ಹಾಗೆ ಹೋದವರಿಗೆ ನೆರಳಾಗಲೆಂದೇ ದಾನಿಗಳೂ ಮಠಗಳೂ ಮುಂದೆ ಬಂದವು. ಶಿರಸಂಗಿಯ ಲಿಂಗರಾಜ ದೇಸಾಯಿಯವರು (1861–1906) ತಮ್ಮ ಸಂಸ್ಥಾನದ ಆಸ್ತಿಯನ್ನು ವಿದ್ಯಾರ್ಥಿಗಳ ಶಿಕ್ಷಣಕ್ಕಾಗಿ ಬಿಟ್ಟುಹೋದರು. ಏಳು ಜನ ತರುಣ ಶಿಕ್ಷಕರು 1916ರಲ್ಲಿ ಬೆಳಗಾವಿಯಲ್ಲಿ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆಯನ್ನು ಕಟ್ಟಿದರು. ಧಾರವಾಡದ ಮುರುಘಾಮಠದ ಪ್ರಸಾದನಿಲಯ, ಸುತ್ತೂರು ಮಠದ ವಿದ್ಯಾರ್ಥಿನಿಲಯಗಳು ಎಷ್ಟೋ ಬಡ ಮಕ್ಕಳಿಗೆ ಅನ್ನವಿತ್ತವು. ತುಮಕೂರಿನ ಸಿದ್ಧಗಂಗೆಯಲ್ಲಿ, 2019ರಲ್ಲಿ ಲಿಂಗೈಕ್ಯರಾದ ಶ್ರೀ ಶಿವಕುಮಾರ ಸ್ವಾಮಿಗಳು ಜಾತಿಮತಗಳನ್ನು ಕೇಳದೆ ಸಾವಿರಾರು ಮಕ್ಕಳಿಗೆ ಅನ್ನ, ಅಕ್ಷರ, ಆಶ್ರಯಗಳನ್ನು ದಶಕಗಳ ಕಾಲ ಒದಗಿಸಿದರು. ಇವರೆಲ್ಲರೂ ಮಕ್ಕಳು ಮನೆ ಬಿಟ್ಟು ಬರುವುದನ್ನು ಹಾನಿಯೆಂದು ಬಗೆಯಲಿಲ್ಲ. ಬಂದ ಮಗುವಿಗೆ ಮನೆಯಾಗುವುದನ್ನೇ ದಾಸೋಹವೆಂದು ತಿಳಿದರು.

ಇನ್ನು ಹೊರಡುವ ಮಗುವಿಗೆ ಯಾವ ಆಚಾರವನ್ನು ಕಟ್ಟಿಕೊಡಬೇಕು? ಲಿಂಗಾಚಾರ, ಸದಾಚಾರ, ಶಿವಾಚಾರ, ಗಣಾಚಾರ, ಭೃತ್ಯಾಚಾರಗಳೆಂಬ ಐದನ್ನು ನಾವು ಬಾಯಿಪಾಠವಾಗಿ ಬಲ್ಲೆವು. ಅವು ವಿದ್ಯಾರ್ಥಿನಿಲಯದ ಕೋಣೆಯಲ್ಲಿ ಹೇಗೆ ಉಪಯೋಗಕ್ಕೆ ಬರುವುವೆಂಬುದನ್ನು ಒಂದೊಂದಾಗಿ ನೋಡೋಣ.

1. ಲಿಂಗಾಚಾರ

ಲಿಂಗಾಚಾರವೆಂದರೆ ಇಷ್ಟಲಿಂಗದಲ್ಲಿ ಅನನ್ಯನಿಷ್ಠೆ. ಪರಸ್ಥಳಕ್ಕೆ ಹೋದ ವಿದ್ಯಾರ್ಥಿಯು ಮೊದಲು ಬಿಡುವುದು ಪೂಜೆಯನ್ನೇ. ಸ್ನಾನದ ಮನೆಯ ಮುಂದೆ ಸಾಲು, ನೀರಿಗೆ ಕೊರತೆ, ಒಂದೇ ಕೋಣೆಯಲ್ಲಿ ಮೂವರೋ ನಾಲ್ವರೋ, ನೋಡಿದವರು ನಕ್ಕಾರೆಂಬ ಸಂಕೋಚ, ಹೀಗೆ ಕಾರಣಗಳು ಸಾಕಷ್ಟು ದೊರೆಯುವುವು. ಮನೆಯಲ್ಲಿ ಬಿಲ್ವಪತ್ರೆ, ಹೂವು, ಧೂಪ, ದೀಪಗಳೊಡನೆ ಅರ್ಧ ಗಂಟೆ ನಡೆಯುತ್ತಿದ್ದ ಪೂಜೆಯನ್ನೇ ಅಲ್ಲಿಯೂ ನಡೆಸಬೇಕೆಂದು ಹಟ ಹಿಡಿದರೆ ನಾಲ್ಕು ದಿನ ನಡೆದು ಐದನೆಯ ದಿನ ನಿಂತುಹೋಗುವುದು. ಆದುದರಿಂದ ಸಂಕ್ಷೇಪವಾದರೂ ತಪ್ಪದ ಕ್ರಮವೊಂದನ್ನು ಮನೆಯಲ್ಲಿಯೇ ರೂಢಿಸಿಕೊಂಡು ಹೋಗತಕ್ಕದ್ದು. ಒಂದು ಬಟ್ಟಲು ನೀರು, ಒಂದು ಗಟ್ಟಿ ವಿಭೂತಿ, ಹತ್ತು ನಿಮಿಷದ ಏಕಾಂತ ಇಷ್ಟಿದ್ದರೆ ಸಾಕು. ಹಾಸಿಗೆಯ ಮೇಲೆ ಗೋಡೆಗೆ ಮುಖ ಮಾಡಿ ಕುಳಿತರೂ ಕರಸ್ಥಲದ ಲಿಂಗವು ಕರಸ್ಥಲದಲ್ಲಿಯೇ ಇರುವುದು. ಕೋಣೆಯ ಗೆಳೆಯರಿಗೆ ಮೊದಲ ವಾರದಲ್ಲಿಯೇ ಇದನ್ನು ಸರಳವಾಗಿ ತಿಳಿಸಿದರೆ, ಬಹುಮಟ್ಟಿಗೆ ಅವರೇ ಆ ಹೊತ್ತಿಗೆ ಸದ್ದು ಮಾಡದೆ ಇರುವರು.

ಲಿಂಗಾಚಾರದ ಇನ್ನೊಂದು ಮುಖವು ಏಕಾಗ್ರತೆ. ದೃಷ್ಟಿಯನ್ನು ಒಂದರಲ್ಲಿ ನೆಡುವ ಅಭ್ಯಾಸವೇ ಪೂಜೆಯ ಸಾರವಾಗಿರಲು, ಅಂಗೈಯಲ್ಲಿ ಮತ್ತೊಂದು ವಸ್ತುವನ್ನು ಹಿಡಿದು ಮಧ್ಯರಾತ್ರಿಯವರೆಗೆ ಅದನ್ನೇ ದಿಟ್ಟಿಸುತ್ತ ಕುಳಿತುಕೊಳ್ಳುವ ವಿದ್ಯಾರ್ಥಿಯು ಯಾವುದರ ಪೂಜೆ ಮಾಡುತ್ತಿರುವನೆಂದು ತಾನೇ ಕೇಳಿಕೊಳ್ಳಲಿ. ಮೊಬೈಲಿಲ್ಲದೆ ಇಂದಿನ ಓದು ಸಾಗದೆಂಬುದು ನಿಜ. ಕಾಲೇಜಿನ ಸೂಚನೆಗಳೂ ಪಾಠಗಳೂ ಅದರಲ್ಲಿಯೇ ಬರುವುವು. ಆದರೆ ರಾತ್ರಿ ಮಲಗುವಾಗ ಅದನ್ನು ಕೈಗೆಟುಕದಂತೆ ಮೇಜಿನ ಮೇಲಿಡುವುದು, ಬೆಳಗ್ಗೆ ಪೂಜೆ ಮುಗಿಯುವ ತನಕ ಅದನ್ನು ಮುಟ್ಟದಿರುವುದು, ಇವೆರಡೇ ನಿಯಮಗಳನ್ನು ಪಾಲಿಸಿದರೂ ದಿನದ ಎರಡು ತುದಿಗಳು ವಿದ್ಯಾರ್ಥಿಯ ವಶದಲ್ಲಿರುವುವು.

2. ಸದಾಚಾರ

ಸತ್ಯಶುದ್ಧವಾದ ಕಾಯಕದಿಂದ ಬದುಕುವುದೂ, ಬಂದುದರಲ್ಲಿ ದಾಸೋಹವನ್ನು ಮಾಡುವುದೂ ಸದಾಚಾರವು. ವಿದ್ಯಾರ್ಥಿಗೆ ಅಧ್ಯಯನವೇ ಕಾಯಕ. ನುಲಿಯ ಚಂದಯ್ಯನ ಕಥೆಯನ್ನು ನೆನೆಯಿರಿ. ಹುಲ್ಲನ್ನು ಕೊಯ್ಯುವಾಗ ಇಷ್ಟಲಿಂಗವು ಜಾರಿ ನೀರಿಗೆ ಬಿದ್ದರೂ ಆತನು ಹಿಡಿದ ಕಾಯಕವನ್ನು ನಿಲ್ಲಿಸಲಿಲ್ಲ; ಕಡೆಗೆ ಲಿಂಗವೇ ಆತನ ಬೆನ್ನು ಹತ್ತಿ ಬಂದಿತೆಂದು ಹೇಳುವರು. ಪೂಜೆಯ ನೆವದಿಂದಲೂ ಕಾಯಕವನ್ನು ತಪ್ಪಿಸಕೂಡದೆಂಬಾಗ ಚಲನಚಿತ್ರ, ಗೆಳೆಯನ ಹುಟ್ಟುಹಬ್ಬಗಳ ನೆವದಿಂದ ತರಗತಿಯನ್ನು ತಪ್ಪಿಸಬಹುದೇ? ಪರೀಕ್ಷೆಗೆ ಕುಳ್ಳಿರಲು ಸಾಮಾನ್ಯವಾಗಿ ನೂರಕ್ಕೆ 75ರಷ್ಟು ಹಾಜರಾತಿ ಬೇಕೆಂಬ ನಿಯಮವಿರುವುದು; ಕೆಲವು ವ್ಯಾಸಂಗಗಳಲ್ಲಿ ಅದಕ್ಕಿಂತಲೂ ಹೆಚ್ಚು. ಮೊದಲ ತಿಂಗಳಿನಲ್ಲಿ ಲಘುವಾಗಿ ತಪ್ಪಿಸಿದ ತರಗತಿಗಳೇ ಕೊನೆಯ ತಿಂಗಳಿನಲ್ಲಿ ಕಾಯಿಲೆ ಬಿದ್ದಾಗ ಕೊರಳಿಗೆ ಉರುಳಾಗುವುವು. ನಕಲು ಮಾಡಿ ಬರೆದ ಉತ್ತರವು ಕದ್ದ ಅನ್ನಕ್ಕೆ ಸಮನೆಂದು ಬೇರೆ ಹೇಳಬೇಕಾಗಿಲ್ಲ.

ಹಣದ ವಿಷಯದಲ್ಲಿ ಆಯ್ದಕ್ಕಿ ಲಕ್ಕಮ್ಮನೇ ನಮ್ಮ ಗುರು. ಪತಿಯಾದ ಮಾರಯ್ಯನು ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುತ್ತಿದ್ದನು. ಒಂದು ದಿನ ನಿತ್ಯಕ್ಕಿಂತ ಹೆಚ್ಚು ತಂದಾಗ ಲಕ್ಕಮ್ಮನು ಅದನ್ನು ಒಳಗಿಡದೆ, ನಮಗೆ ಸಲ್ಲುವಷ್ಟನ್ನು ಉಳಿಸಿ ಮಿಕ್ಕುದನ್ನು ಅಲ್ಲಿಯೇ ಸುರಿದು ಬರುವಂತೆ ಮಾರಯ್ಯನನ್ನು ಹಿಂದಕ್ಕೆ ಕಳುಹಿಸಿದಳು. ತನ್ನ ಅವಶ್ಯಕತೆಯ ಅಳತೆಯನ್ನು ತಾನೇ ಬಲ್ಲವರು ಮಾತ್ರ ಹೀಗೆ ಮಾಡಬಲ್ಲರು. ಮನೆಯಿಂದ ಬಂದ ಹಣವನ್ನು ಊಟ, ಬಾಡಿಗೆ, ಪುಸ್ತಕ, ಪ್ರಯಾಣ, ಔಷಧಿಗಳೆಂದು ತಿಂಗಳ ಮೊದಲ ದಿನವೇ ವಿಭಾಗಿಸಿ, ಖರ್ಚಾದುದನ್ನು ಅಂದಂದೇ ಒಂದು ಚಿಕ್ಕ ಪುಸ್ತಕದಲ್ಲಿ ಬರೆದಿಡುವುದು ಒಳ್ಳೆಯದು. ಮೊಬೈಲಿನಿಂದ ಪಾವತಿ ಮಾಡುವಾಗ ಹಣವು ಕೈಬಿಟ್ಟು ಹೋದುದೇ ತಿಳಿಯದಾದುದರಿಂದ ಈ ಲೆಕ್ಕವು ಇಂದು ಹಿಂದಿಗಿಂತ ಹೆಚ್ಚು ಅವಶ್ಯವಾಗಿದೆ.

ಮೂರು ಹೊಂಡಗಳಿಂದ ವಿಶೇಷವಾಗಿ ದೂರವಿರಬೇಕು. ಮೊದಲನೆಯದು, ನಿಮಿಷದಲ್ಲಿ ಸಾಲ ಕೊಡುವೆವೆಂದು ಕರೆಯುವ ಮೊಬೈಲ್ ಆ್ಯಪುಗಳು. ಇವುಗಳಲ್ಲಿ ಅನೇಕವು ಮಿತಿಮೀರಿದ ಬಡ್ಡಿಯನ್ನು ಹೇರಿ, ಫೋನಿನಲ್ಲಿರುವ ಹೆಸರುಗಳನ್ನೂ ಚಿತ್ರಗಳನ್ನೂ ಹಿಡಿದು ಮಾನ ಕಳೆಯುವ ಬೆದರಿಕೆ ಹಾಕುವುವು. ಎರಡನೆಯದು, ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳು. 2025ರಲ್ಲಿ ಸಂಸತ್ತು ಇವನ್ನು ನಿಷೇಧಿಸುವ ಕಾಯಿದೆಯನ್ನೇ ಅಂಗೀಕರಿಸಿತು. ಆದರೂ ಕಳ್ಳದಾರಿಗಳು ಪೂರ್ತಿಯಾಗಿ ಮುಚ್ಚುವುದಿಲ್ಲ. ಮೂರನೆಯದು, ಕಮಿಷನ್ ಕೊಡುವೆವೆಂದು ಹೇಳಿ ವಿದ್ಯಾರ್ಥಿಗಳ ಬ್ಯಾಂಕ್ ಖಾತೆಯನ್ನು ಬಳಸಲು ಕೇಳುವವರು. ಮೋಸಗಾರರು ಕದ್ದ ಹಣವನ್ನು ಇಂತಹ ಖಾತೆಗಳ ಮೂಲಕ ಸಾಗಿಸುವುದರಿಂದ, ಪೊಲೀಸರು ಮೊದಲು ಹುಡುಕಿ ಬರುವುದು ಖಾತೆಯ ಒಡೆಯನನ್ನೇ. ಈ ಮೂರರಲ್ಲಿ ಯಾವುದರಲ್ಲಿಯಾದರೂ ಕಾಲು ಜಾರಿದರೆ ಅದನ್ನು ಮುಚ್ಚಲು ಮತ್ತೊಂದು ಸಾಲಕ್ಕೆ ಹೋಗದೆ ಆ ದಿನವೇ ಮನೆಗೆ ತಿಳಿಸಬೇಕು. ಚಿಕ್ಕ ಗಾಯವನ್ನು ಬಟ್ಟೆಯಲ್ಲಿ ಮುಚ್ಚಿಟ್ಟರೆ ಕೀವಾಗುವುದು.

3. ಶಿವಾಚಾರ

ಶಿವಭಕ್ತರಲ್ಲಿ ಕುಲಭೇದವನ್ನು ಎಣಿಸದೆ ಸಮಾನರಾಗಿ ಬಾಳುವುದು ಶಿವಾಚಾರವು. ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣಮೂಲದ ಮಧುವರಸನ ಮಗಳಿಗೂ ಮದುವೆಯಾದುದಕ್ಕಾಗಿ ಕಲ್ಯಾಣವೇ ಹೊತ್ತಿ ಉರಿದುದನ್ನೂ, ಆ ಶರಣರು ಪ್ರಾಣವನ್ನು ತೆತ್ತುದನ್ನೂ ನಾವು ಕೇಳಿಬಲ್ಲೆವು. ಅಂತಹವರ ಹೆಸರನ್ನು ಹೇಳುವ ಮನೆಯ ಮಗುವು ಕೋಣೆಗೆ ಕಾಲಿಟ್ಟೊಡನೆ ಗೆಳೆಯನ ಅಡ್ಡಹೆಸರನ್ನು ಕೇಳಿ ಕುಲವನ್ನು ಅಳೆಯುವುದಾದರೆ ನಾವು ಕಲಿಸಿದ ಪಾಠವೇನು?

ಹಳ್ಳಿಯಲ್ಲಿ ಹುಟ್ಟಿದ ಕೇರಿಯಲ್ಲಿಯೇ ಬೆಳೆದ ಮಗುವು ಬೇರೆ ಕುಲ, ಬೇರೆ ಮತ, ಬೇರೆ ಭಾಷೆಯವರೊಡನೆ ಒಂದೇ ಸೂರಿನ ಕೆಳಗೆ ಮಲಗುವುದು ಬಹುಶಃ ಇದೇ ಮೊದಲು. ಊಟದ ವಿಷಯದಲ್ಲಿ ಇಕ್ಕಟ್ಟು ಉಂಟಾಗುವುದು ಸಹಜ. ನಮ್ಮ ಮನೆಗಳು ಶಾಕಾಹಾರದವು. ಗೆಳೆಯನ ಮನೆಯು ಹಾಗಿರಲಾರದು. ಈ ನಿಯಮವನ್ನು ಬಿಡಬೇಕಾಗಿಲ್ಲ. ನಿಯಮದ ಹೆಸರಿನಲ್ಲಿ ಗೆಳೆಯನನ್ನು ಹೇಸಬೇಕಾಗಿಯೂ ಇಲ್ಲ. ತನ್ನ ತಟ್ಟೆಯಲ್ಲಿ ತಾನು ಶುದ್ಧನಾಗಿದ್ದು, ಆತನ ತಟ್ಟೆಯನ್ನು ಕುರಿತು ಮಾತನಾಡದಿರುವುದೇ ಇಲ್ಲಿ ಸಜ್ಜನಿಕೆ. ಮದ್ಯ, ತಂಬಾಕು ಮುಂತಾದುವನ್ನು ಗೆಳೆಯರು ಮುಂದಿಟ್ಟಾಗಲೂ ಉಪದೇಶವನ್ನು ಮಾಡುತ್ತ ಕೂಡದೆ, ಒಲ್ಲೆನೆಂದು ಒಂದೇ ಮಾತಿನಲ್ಲಿ ಹೇಳಿ ಅಲ್ಲಿಂದ ಏಳುವುದು ಲೇಸು. ಮೊದಲ ಸಲ ಒಲ್ಲೆನೆನ್ನುವುದು ಕಷ್ಟ. ಮೂರನೆಯ ಸಲಕ್ಕೆ ಕೇಳುವವರೇ ಕೇಳುವುದನ್ನು ಬಿಡುವರು. ಇನ್ನು ಮನೆಯಿಂದ ಬಂದ ರೊಟ್ಟಿಯ ಗಂಟನ್ನು ಪೆಟ್ಟಿಗೆಯಲ್ಲಿ ಬೀಗ ಹಾಕಿಡದೆ ಕೋಣೆಯವರೆಲ್ಲರಿಗೂ ಹಂಚುವುದೇ ವಿದ್ಯಾರ್ಥಿಯ ದಾಸೋಹ. ಅನೇಕ ಆಯುಷ್ಯದ ಸ್ನೇಹಗಳು ಅಂತಹ ಒಂದು ರೊಟ್ಟಿಯಿಂದ ಆರಂಭವಾಗಿವೆ.

4. ಗಣಾಚಾರ

ಧರ್ಮಕ್ಕೆ ಹಾನಿಯಾಗುವುದನ್ನು ಕಂಡು ಸುಮ್ಮನಿರಬಾರದೆಂಬುದು ಗಣಾಚಾರದ ತಿರುಳು. ಕೆಲವರು ಇದನ್ನು ಕೋಪವೆಂದು ತಪ್ಪಾಗಿ ತಿಳಿಯುವರು. ಅನ್ಯಾಯವನ್ನು ಸಹಿಸದಿರುವ ಧೈರ್ಯವೇ ಗಣಾಚಾರವು; ಜಗಳಗಂಟಿತನವು ಅದಲ್ಲ. ಹಿರಿಯ ವಿದ್ಯಾರ್ಥಿಗಳು ಹೊಸಬರನ್ನು ಅವಮಾನಪಡಿಸುವ ರ್ಯಾಗಿಂಗ್ ಎಂಬ ದುಷ್ಟ ರೂಢಿಯ ಎದುರಿನಲ್ಲಿ ಈ ಆಚಾರವು ವಿದ್ಯಾರ್ಥಿಗೆ ಬೇಕಾಗುವುದು. ವಿಶ್ವವಿದ್ಯಾಲಯ ಧನಸಹಾಯ ಆಯೋಗವು 2009ರಲ್ಲಿ ಹೊರಡಿಸಿದ ನಿಯಮಾವಳಿಯಂತೆ ಇದು ಎಲ್ಲ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿಯೂ ನಿಷಿದ್ಧ. ಪ್ರವೇಶದ ಕಾಲಕ್ಕೆ ವಿದ್ಯಾರ್ಥಿಯೂ ಪಾಲಕರೂ ಇದರಲ್ಲಿ ತೊಡಗುವುದಿಲ್ಲವೆಂದು ಮುಚ್ಚಳಿಕೆಯನ್ನು ಬರೆದುಕೊಡಬೇಕು. ದೂರು ಕೊಡುವುದಕ್ಕೆ 1800-180-5522 ಎಂಬ ಶುಲ್ಕವಿಲ್ಲದ ದೂರವಾಣಿ ಸಂಖ್ಯೆಯಿದೆ. ಹೊರಡುವ ಮುನ್ನವೇ ಈ ಸಂಖ್ಯೆಯನ್ನು ಬರೆದಿಟ್ಟುಕೊಳ್ಳುವುದು.

ತನಗಾದುದನ್ನು ನುಂಗಿಕೊಂಡು ಕೂಡುವುದು ಸಹನೆಯಲ್ಲ. ನೆರೆಯ ಕೋಣೆಯ ಹುಡುಗನಿಗಾದುದನ್ನು ಕಂಡೂ ಬಾಗಿಲು ಮುಚ್ಚಿಕೊಳ್ಳುವುದು ಸಾಧುತನವಲ್ಲ. ಶರಣರನ್ನು ಗಣವೆಂದು ಕರೆದುದೇ ಒಬ್ಬನ ನೋವು ಎಲ್ಲರ ನೋವಾಗಲೆಂದು. ಮತ್ತೊಂದು ಮಾತು. ಮರುವರುಷ ತಾನು ಹಿರಿಯನಾದಾಗ, ತನಗಾದುದನ್ನು ಹೊಸಬರಿಗೆ ತೀರಿಸುವ ಹಂಬಲವು ಮೂಡುವುದುಂಟು. ಆ ಹಂಬಲವನ್ನು ಅಲ್ಲಿಯೇ ಅಡಗಿಸಿದವನೇ ಗಣಾಚಾರಿಯು.

5. ಭೃತ್ಯಾಚಾರ

ಎಲ್ಲರಿಗಿಂತ ತಾನು ಕಿರಿಯನೆಂಬ ವಿನಯವೇ ಭೃತ್ಯಾಚಾರವು. ಇದನ್ನು ಕೊನೆಗೆ ಹೇಳಿದರೂ ವಿದ್ಯಾರ್ಥಿಗೆ ಅತ್ಯಂತ ಉಪಯುಕ್ತವಾದುದು ಇದೇ ಎಂದು ನನ್ನ ನಂಬಿಕೆ. ಏಕೆಂದರೆ ವಿನಯವುಳ್ಳವನು ಮಾತ್ರ ತನಗೆ ತಿಳಿಯದೆಂದು ಕೇಳಬಲ್ಲನು.

ಕನ್ನಡ ಮಾಧ್ಯಮದಲ್ಲಿ ಓದಿ, ಮೊದಲ ಸ್ಥಾನವನ್ನು ಪಡೆದು ಹೋದ ಹಳ್ಳಿಯ ಹುಡುಗನಿಗೂ ಹುಡುಗಿಗೂ ಕಾಲೇಜಿನ ಮೊದಲ ತಿಂಗಳಲ್ಲಿ ಆಗುವ ಆಘಾತವನ್ನು ಪಾಲಕರು ಅರಿಯರು. ಅಧ್ಯಾಪಕರು ಇಂಗ್ಲಿಷಿನಲ್ಲಿ ವೇಗವಾಗಿ ಹೇಳುತ್ತ ಹೋಗುವರು. ಸುತ್ತಲಿನವರೆಲ್ಲರೂ ಬರೆದುಕೊಳ್ಳುತ್ತಿರುವಂತೆ ಕಾಣುವರು. ತಾನೊಬ್ಬನೇ ದಡ್ಡನೆಂಬ ಭಾವನೆಯು ಬೇರೂರುವುದು. ಆಗ ಒಬ್ಬನು ಹಿಂದಿನ ಬೆಂಚನ್ನು ಹಿಡಿದು ಮೌನಿಯಾಗುವನು, ಇನ್ನೊಬ್ಬನು ತರಗತಿಯನ್ನೇ ಬಿಡುವನು. ಇಬ್ಬರಿಗೂ ಹೇಳಬೇಕಾದುದಿಷ್ಟೆ. ಭಾಷೆಯು ತೊಡಕಾಗಿದೆಯೇ ಹೊರತು ಬುದ್ಧಿಯು ಕುಂದಿಲ್ಲ. ಶರಣರು ತಮ್ಮ ಕಾಲದ ಪಂಡಿತರ ಭಾಷೆಯನ್ನು ಬಿಟ್ಟು ಜನರ ನುಡಿಯಲ್ಲಿಯೇ ಅತ್ಯುನ್ನತವಾದ ತತ್ತ್ವವನ್ನು ಹೇಳಿದರು. ಆದುದರಿಂದ ಕನ್ನಡದಲ್ಲಿ ವಿಚಾರ ಮಾಡುವವನು ನಾಚಬೇಕಾದುದಿಲ್ಲ. ಆದರೆ ಅಭಿಮಾನವೊಂದರಿಂದಲೇ ಪರೀಕ್ಷೆಯು ಮುಗಿಯದು. ನಾಳೆಯ ಪಾಠವನ್ನು ಇಂದು ರಾತ್ರಿಯೇ ಒಮ್ಮೆ ಓದಿಕೊಂಡು ಹೋಗುವುದು. ತಿಳಿಯದ ಶಬ್ದಗಳನ್ನು ಕನ್ನಡದ ಅರ್ಥದೊಡನೆ ಒಂದು ಪುಸ್ತಕದಲ್ಲಿ ಬರೆಯುವುದು. ಮುಂದಿನ ಸಾಲಿನಲ್ಲಿ ಕೂಡುವುದು. ತರಗತಿಯಲ್ಲಿ ಕೇಳಲು ಅಂಜಿಕೆಯಾದರೆ ಮುಗಿದ ಮೇಲೆ ಅಧ್ಯಾಪಕರ ಕೋಣೆಗೆ ಹೋಗಿ ಕನ್ನಡದಲ್ಲಿಯೇ ಕೇಳುವುದು. ಹೀಗೆ ಒಂದು ಅರ್ಧವರ್ಷವನ್ನು ಕಳೆದರೆ ಶಬ್ದಗಳು ಪಳಗಿ ಹಾದಿಯು ಹಗುರವಾಗುವುದು.

ಭೃತ್ಯಾಚಾರವು ಕೈಕೆಲಸದಲ್ಲಿಯೂ ಕಾಣಬೇಕು. ಬಟ್ಟೆ ಒಗೆಯುವ ಮಡಿವಾಳ ಮಾಚಯ್ಯನೂ ಅಂಗಳ ಗುಡಿಸುವ ಸತ್ಯಕ್ಕನೂ ನಮ್ಮಲ್ಲಿ ಪೂಜ್ಯರು. ಹೀಗಿರಲು ತನ್ನ ಬಟ್ಟೆಯನ್ನು ತಾನೇ ಒಗೆಯಲು, ತನ್ನ ಕೋಣೆಯನ್ನು ತಾನೇ ಗುಡಿಸಲು, ಉಂಡ ತಟ್ಟೆಯನ್ನು ತಾನೇ ತೊಳೆಯಲು ನಾಚುವುದೆಂತು? ಅಡುಗೆಯವರನ್ನೂ ಕಾವಲುಗಾರರನ್ನೂ ಅಣ್ಣಾ, ಅಕ್ಕಾ ಎಂದು ಕರೆದು ಮಾತನಾಡಿಸುವ ವಿದ್ಯಾರ್ಥಿಗೆ, ಜ್ವರ ಬಂದ ರಾತ್ರಿ ಒಂದು ಲೋಟ ಗಂಜಿಯು ತಾನಾಗಿಯೇ ಬರುವುದು.

ಮನೆಯ ನೆನಪು

ಈ ಐದೂ ಆಚಾರಗಳುಳ್ಳ ಮಗುವಿಗೂ ಮೊದಲ ಕೆಲವು ವಾರ ಮನೆಯ ನೆನಪು ಕಾಡದೆ ಬಿಡದು. ಸಂಜೆಯ ಹೊತ್ತು ಅದು ಹೆಚ್ಚಾಗುವುದು. ಅದು ದೌರ್ಬಲ್ಯವಲ್ಲ, ಮನೆಯಲ್ಲಿ ಪ್ರೀತಿಯಿತ್ತೆಂಬುದಕ್ಕೆ ಅದು ಸಾಕ್ಷಿ. ಪ್ರತಿ ಶನಿವಾರವೂ ಬಸ್ಸು ಹತ್ತಿ ಊರಿಗೆ ಓಡಿದರೆ ಹೊಸ ಸ್ಥಳದಲ್ಲಿ ಬೇರು ಬಿಡುವುದಿಲ್ಲ. ಊರನ್ನೇ ಮರೆತರೆ ಬೇರು ಒಣಗುವುದು. ಸಂಜೆಯ ಹೊತ್ತಿಗೆ ಆಟದ ಬಯಲು, ವಾಚನಾಲಯ, ಗೆಳೆಯರೊಡನೆ ಒಂದು ಸುತ್ತು ನಡಿಗೆ, ಹೀಗೆ ಏನಾದರೊಂದು ಕ್ರಮವನ್ನು ಇಟ್ಟುಕೊಳ್ಳಬೇಕು. ಆದರೆ ವಾರಗಳು ಕಳೆದರೂ ನಿದ್ರೆ ಬಾರದೆ, ಊಟ ಸೇರದೆ, ಬದುಕೇ ಬೇಡವೆನ್ನಿಸುವಷ್ಟು ಮನಸ್ಸು ಕುಗ್ಗಿದರೆ ಅದನ್ನು ಕಾಯಿಲೆಯೆಂದೇ ತಿಳಿದು, ಕೂಡಲೇ ಮನೆಯವರಿಗೂ ಅಧ್ಯಾಪಕರಿಗೂ ತಿಳಿಸಿ ವೈದ್ಯರ ನೆರವನ್ನು ಪಡೆಯಬೇಕು. ಸರಕಾರವು 2022ರಲ್ಲಿ ಆರಂಭಿಸಿದ ಟೆಲಿ-ಮಾನಸ್ ಎಂಬ ವ್ಯವಸ್ಥೆಯಲ್ಲಿ 14416 ಸಂಖ್ಯೆಗೆ ಯಾವ ಹೊತ್ತಿನಲ್ಲಿಯೂ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ಜ್ವರಕ್ಕೆ ಔಷಧಿಯನ್ನು ಕೊಳ್ಳುವವನು ಮನೋವ್ಯಥೆಗೆ ನೆರವನ್ನು ಕೇಳಲು ಏಕೆ ನಾಚಬೇಕು?

ತಾಯಿತಂದೆಗಳಿಗೆ

ಇಷ್ಟು ಹೊತ್ತು ಮಕ್ಕಳಿಗೆ ಹೇಳಿದುದಾಯಿತು. ಕಳುಹಿಸುವವರ ಹೊಣೆಯೂ ಕಡಿಮೆಯದಲ್ಲ. ಹೊರಡುವ ಒಂದು ತಿಂಗಳ ಮುನ್ನವೇ ಬಟ್ಟೆ ಒಗೆಯುವುದು, ಅನ್ನ ಸಾರು ಮಾಡುವುದು, ಬ್ಯಾಂಕಿನ ವ್ಯವಹಾರ ಇವನ್ನು ಮಗನಿಗೂ ಮಗಳಿಗೂ ಸಮನಾಗಿ ಕಲಿಸಿರಿ. ಮೂಲ ಅಂಕಪಟ್ಟಿಗಳ ನಕಲುಗಳನ್ನು ಮನೆಯಲ್ಲಿಟ್ಟುಕೊಂಡು, ಕಾಲೇಜಿಗೆ ಮೂಲಪತ್ರಗಳನ್ನು ಕೊಟ್ಟಾಗ ಸ್ವೀಕೃತಿಪತ್ರವನ್ನು ಪಡೆಯಲು ಹೇಳಿರಿ. ಮನೆಯ ಹಣಕಾಸಿನ ನಿಜಸ್ಥಿತಿಯನ್ನು ಮಗುವಿಗೆ ಒಮ್ಮೆ ಶಾಂತವಾಗಿ ತಿಳಿಸಿರಿ. ಆದರೆ ಹೊಲ ಮಾರಿ ಓದಿಸುತ್ತಿರುವೆನೆಂದು ಪ್ರತಿ ಕರೆಯಲ್ಲಿಯೂ ಹಂಗಿಸಬೇಡಿರಿ. ಮಗಳನ್ನು ದೂರಕ್ಕೆ ಕಳುಹಿಸಲು ಅಂಜುವವರು ಉಡುತಡಿಯ ಅಕ್ಕನನ್ನು ನೆನೆಯಲಿ. ಮಗನಿಗೆ ಕೊಟ್ಟ ನಂಬಿಕೆಯನ್ನೇ ಮಗಳಿಗೂ ಕೊಡುವುದು ಶರಣಮಾರ್ಗಕ್ಕೆ ಸಮ್ಮತವಾದುದು.

ಎಲ್ಲಕ್ಕಿಂತ ಮುಖ್ಯವಾದುದೊಂದಿದೆ. ನಮ್ಮ ಪಾಠಶಾಲೆಯಲ್ಲಿ ಓದಿ ಹೋದ ಒಬ್ಬ ಹುಡುಗನು ಕಾಲೇಜಿನ ಮೊದಲ ಪರೀಕ್ಷೆಯಲ್ಲಿ ಮೂರು ವಿಷಯಗಳಲ್ಲಿ ಅನುತ್ತೀರ್ಣನಾದನು. ಫಲಿತಾಂಶವು ಇನ್ನೂ ಬಂದಿಲ್ಲವೆಂದು ಮನೆಗೆ ಹೇಳಿದನು. ಯುಗಾದಿಗೆ ಬರಲಿಲ್ಲ, ಬಸವಜಯಂತಿಗೂ ಬರಲಿಲ್ಲ, ಕೊನೆಗೆ ಕರೆಗಳಿಗೂ ಉತ್ತರಿಸದಾದನು. ಒಕ್ಕಲುತನದ ತಂದೆಯು ರಾತ್ರಿಯ ಬಸ್ಸು ಹಿಡಿದು ಬೆಳಗಾಗುವುದರೊಳಗೆ ವಿದ್ಯಾರ್ಥಿನಿಲಯದ ಬಾಗಿಲಿಗೆ ಬಂದು ನಿಂತನು. ಅಂಕಗಳ ಮಾತನ್ನು ಎತ್ತಲೇ ಇಲ್ಲ. “ಉಂಡೆಯೇನೋ ತಮ್ಮಾ?” ಎಂದು ಕೇಳಿ, ತಾಯಿ ಕಟ್ಟಿಕೊಟ್ಟ ಬುತ್ತಿಯನ್ನು ಬಿಚ್ಚಿದನು. ಹುಡುಗನು ಅಳುತ್ತಲೇ ಉಂಡು, ಉಣ್ಣುತ್ತಲೇ ಎಲ್ಲವನ್ನೂ ಹೇಳಿದನು. ಆ ಮೂರು ವಿಷಯಗಳೂ ಮುಂದಿನ ವರುಷ ಮುಗಿದವು. ಆ ತಂದೆಗೆ ಅಕ್ಷರವು ಹೆಚ್ಚು ಬಾರದು. ಆದರೆ ದಯೆಯೆಂದರೇನೆಂಬುದು ಆತನಿಗೆ ತಿಳಿದಿತ್ತು.

ಪರೀಕ್ಷೆಯಲ್ಲಿ ಸೋತುದನ್ನು ಮನೆಗೆ ಹೇಳಲಾರದೆ ಪ್ರಾಣವನ್ನೇ ಕಳೆದುಕೊಂಡ ಮಕ್ಕಳ ಸುದ್ದಿಯನ್ನು ನಾವು ವರುಷವರುಷವೂ ಪತ್ರಿಕೆಗಳಲ್ಲಿ ಓದುತ್ತಿರುವೆವು. ಆದುದರಿಂದ ಬಂಧುಗಳೇ, ಮಗುವು ಹೊಸ್ತಿಲು ದಾಟುವ ದಿನ ಚೆನ್ನಾಗಿ ಓದೆಂದು ಹೇಳಿರಿ, ಲಿಂಗವನ್ನು ಮರೆಯಬೇಡವೆಂದು ಹೇಳಿರಿ. ಅದರೊಡನೆ ಇನ್ನೊಂದು ಮಾತನ್ನೂ ತಪ್ಪದೆ ಹೇಳಿರಿ: “ಗೆದ್ದು ಬಂದರೂ ಸೋತು ಬಂದರೂ ಈ ಮನೆಯ ಬಾಗಿಲು ನಿನಗೆ ತೆರೆದೇ ಇರುತ್ತದೆ. ಏನಾದರೂ ಆದರೆ ಮೊದಲು ನಮಗೆ ಹೇಳು.” ಹೇಳಿದ ಮೇಲೆ ಹಾಗೆಯೇ ನಡೆದುಕೊಳ್ಳಿರಿ. ಈ ಅಭಯವನ್ನು ಪಡೆದು ಹೊರಟ ಮಗುವಿನೊಡನೆ ಮನೆಯೇ ಜಂಗಮವಾಗಿ ಹೊರಡುವುದು. ಅಂತಹ ಮಗುವು ಎಷ್ಟು ದೂರ ಹೋದರೂ ಪರದೇಶಿಯಾಗಲಾರದು.

ಈ ವರುಷ ಹೊಸ್ತಿಲು ದಾಟಲಿರುವ ಎಲ್ಲ ವಿದ್ಯಾರ್ಥಿ ವಿದ್ಯಾರ್ಥಿನಿಯರಿಗೂ ಗುರುಕೃಪೆಯು ದೊರೆಯಲಿ, ಶುಭವಾಗಲಿ.

ಶರಣು ಶರಣಾರ್ಥಿ.